ಕೆಳಗಿನ ಕೊಳವೆ

ನಿಂತಾಗ ತಣ್ಣಗಿರುತ್ತದೆ. ಅದೇ ತಕರಾರು.
ಮಸ್ಸಾವಾದ ಉಪ್ಪುಗಾಳಿ ಬಿಟ್ಟು
ಅಸ್ಮಾರಾದ ಕಡೆಗೆ ಮೂಗೆತ್ತಿ ಹೊರಟರೆ ಮಾತ್ರ
ನೆಫಾಸಿತ್ ದಾಟಿದ ಮೂರನೇ ತಿರುವಿಗೆ ಸರಿಯಾಗಿ
ಎಸರು ಬರುತ್ತದೆ.
ಬಾನೆಟ್ಟಿನ ಸಂದಿಯಲ್ಲಿ ಬಿಳಿ ಹಬೆ.
ಮೋಟುಗೋಡೆಯ ಮೇಲಿನ ಕೋತಿಗಳು
ಟಿಕೆಟ್ ತಗೊಂಡವರ ಹಾಗೆ ಕೂತು ನೋಡುತ್ತವೆ.

ಐವತ್ತೆಂಟನೇ ಇಸವಿಯ ಫಿಯಾಟ್.
ಒಂದು ಕಾಲಕ್ಕೆ ಹಸಿರು, ಈಗ ಒಣಗಿದ ಬೇವಿನೆಲೆ.
ಮದುವೆಗಳಿಗೆ ಬಾಡಿಗೆ ಬಿಡುತ್ತಾನೆ ಜೆರೆಸೆನಾಯ್.
ಹೋದ ತಿಂಗಳು ಮದುಮಗಳೊಬ್ಬಳು
ಬಿಳಿ ಗೌನು ಮೊಣಕಾಲಿಗೆತ್ತಿ ಅರ್ಧ ಮೈಲಿ ನಡೆದಳಂತೆ.
ನಮ್ಮಲ್ಲಿಗೆ ಬರುವಷ್ಟರಲ್ಲಿ ಮೂವರ ಮದ್ದು ಮುಗಿದಿತ್ತು:
ಒಬ್ಬ ಥರ್ಮೋಸ್ಟಾಟನ್ನೇ ಕಿತ್ತೆಸೆದಿದ್ದ,
ಒಬ್ಬ ರೇಡಿಯೇಟರಿಗೆ ವಿನೆಗರ್ ಕುಡಿಸಿದ್ದ,
ಮೂರನೆಯವನು, ಸ್ವಂತ ಭಾವಮೈದುನ,
ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದು
ಮುಂಗಡ ಇಸಕೊಂಡು ಊರು ಬಿಟ್ಟಿದ್ದ.

ಮಾಸ್ತರ್ ತೆಕೆಸ್ತೆ ಏನನ್ನೂ ಬಿಚ್ಚಲಿಲ್ಲ.
ನನಗೋ ಹತ್ತೊಂಬತ್ತು ವರ್ಷ, ಸ್ಪ್ಯಾನರಿಗಾಗಿ ಕೈ ತುರಿಸುತ್ತಿತ್ತು.
ಕಡ್ಡಿ ಎಳೆದು ಎಣ್ಣೆ ನೋಡಿದರು: ಹಾಲು ಬೆರೆತಿಲ್ಲ.
ಮುಚ್ಚಳ ತೆಗೆದು ನೀರು ನೋಡಿದರು: ಗುಳ್ಳೆ ಏಳುತ್ತಿಲ್ಲ.
ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರು, ಒಂದು ಬೆರಳಗಲ ಬಾಗಿತು, ಸಾಕು.
ಬಿಸಿಯಾದ ಮೇಲೆ ರೇಡಿಯೇಟರಿನ ಮೈಮೇಲೆ ಅಂಗೈ ಸರಿಸಿದರು,
ಜ್ವರದ ಮಗುವನ್ನು ಮುಟ್ಟುವ ಹಾಗಲ್ಲ,
ಬಟ್ಟೆ ಕೊಳ್ಳುವವನು ಎಲ್ಲಿ ನೂಲು ಸತ್ತಿದೆ ಎಂದು
ಹುಡುಕುವ ಹಾಗೆ.
ತಣ್ಣನೆಯ ಜಾಗ ಒಂದೂ ಸಿಗಲಿಲ್ಲ.

"ಈ ಎತ್ತರದಲ್ಲಿ ನೀರು ತೊಂಬತ್ತೆರಡಕ್ಕೇ ಕುದಿಯುತ್ತೆ," ಅಂದರು ನನಗೆ,
"ನಮ್ಮೂರಲ್ಲಿ ಎಲ್ಲಕ್ಕೂ ತಾಳ್ಮೆ ಸ್ವಲ್ಪ ಕಡಿಮೆ."
ಆಮೇಲೆ ಜೆರೆಸೆನಾಯ್ ಕಡೆ ತಿರುಗಿ:
ಹತ್ತುವಾಗ ಮಾತ್ರವಾ? ಯಾವ ಗೇರು?
ನಿಲ್ಲಿಸಿದ ಎಷ್ಟು ಹೊತ್ತಿಗೆ ಮುಳ್ಳು ಇಳಿಯುತ್ತೆ?

"ನಿಲ್ಲಿಸೋದೇ ಬೇಡ. ಕಾಲು ತೆಗೆದ್ರೆ ಸಾಕು."

ಮಾಸ್ತರ ಬಾಯಲ್ಲಿದ್ದ ಹಲ್ಲುಕಡ್ಡಿ ನಿಂತಿತು.
"ಅಬ್ರಹೆತ್, ಕೆಳಗೆ ಮಲಗು. ಟಾರ್ಚ್ ತಗೋ."

ರಟ್ಟು ಹಾಸಿ ಮಲಗಿದೆ. ಅವರು ಸ್ಟೀರಿಂಗ್ ಹಿಂದೆ.
ನನ್ನ ಹಣೆಯ ಮೇಲಕ್ಕೆ ಕೆಳಗಿನ ಕೊಳವೆ,
ನಾವಿನ್ನೂ ಇಟಲಿಯವರ ಬಾಯಲ್ಲೇ ಕರೆಯುವ ಮಾನಿಕೊತ್ತೊ.
(ಅವರು ಹೋಗಿ ಕಾಲವಾಯಿತು;
ಸಾಮಾನುಗಳ ಹೆಸರನ್ನು ಗಂಟು ಕಟ್ಟಲು ಮರೆತರು.)
ಕಪ್ಪಗೆ, ದುಂಡಗೆ, ಮಹಾ ಸಾಧುವಿನ ಹಾಗೆ ಇತ್ತು.

ಕಾಲೊತ್ತಿದರು. ಎಂಜಿನ್ ದನಿಯೇರಿತು,
ಇನ್ನೂ, ಇನ್ನೂ,
ಕೊಳವೆ ಕೆನ್ನೆ ಒಳಗೆಳೆದುಕೊಂಡಿತು,
ಹಲ್ಲಿಲ್ಲದ ಅಜ್ಜಿ ಪಾಪಾಸುಕಳ್ಳಿಯ ಹಣ್ಣು ಹೀರಿದಂತೆ
ಚಪ್ಪಟೆ.
ಕಾಲು ತೆಗೆದರು.
ಏನೂ ಆಗದವರ ಹಾಗೆ ಮತ್ತೆ ದುಂಡಗಾಯಿತು.

ಕೊಯ್ದು ನೋಡಿದರೆ ಒಳಗಿನ ಸ್ಪ್ರಿಂಗು
ಒಂದೂವರೆ ಸುತ್ತು ಮಾತ್ರ ಉಳಿದಿದೆ,
ಮಿಕ್ಕಿದ್ದು ಕೆಂಪು ಪುಡಿ, ಮಾಂಸದಂಗಡಿಯ ಮೆಣಸಿನಂತೆ.
ಪಂಪು ಎಳೆದಷ್ಟೂ ದಾರಿ ಕಟ್ಟಿಕೊಂಡಿದೆ:
ಹೆಚ್ಚು ಬಾಯಾರಿದಾಗಲೇ ಗಂಟಲು ಮುಚ್ಚಿದೆ.
ಕಸಬರಿಗೆಯ ಹಿಡಿಗೆ ಸತುವಿನ ತಂತಿ ಸುತ್ತಿ
ಹೊಸ ಸ್ಪ್ರಿಂಗು ಮಾಡಿದೆವು, ಹೊಸ ರಬ್ಬರಿನೊಳಗೆ ತುರುಕಿದೆವು.
ಕಿತ್ತೆಸೆದ ಥರ್ಮೋಸ್ಟಾಟಿನ ಜಾಗಕ್ಕೆ
ಬೇರೆ ಸಿಕ್ಕಲು ಎಂಟು ದಿನ ಹಿಡಿಯಿತು.
ಆ ಎಂಟೂ ದಿನ ಜೆರೆಸೆನಾಯ್ ಬಾಗಿಲಲ್ಲಿ ನಿಂತು
ತಂತಿಯ ಬೆಲೆ ಕೇಳುತ್ತಿದ್ದ.

ಭಾನುವಾರ ಮಸ್ಸಾವಾಕ್ಕೆ ಇಳಿದು ವಾಪಸು ಹತ್ತಿದೆವು.
ನೆಫಾಸಿತ್. ಒಂದು ತಿರುವು. ಎರಡು.
ಯಾರೂ ಮಾತಾಡಲಿಲ್ಲ, ಮೂವರ ಕಣ್ಣೂ ಒಂದೇ ಮುಳ್ಳಿನ ಮೇಲೆ.
ಅದು ಅರ್ಧಕ್ಕಿಂತ ಕೂದಲೆಳೆ ಮೇಲೆ ನಡುಗಿ,
ಅಲ್ಲೇ ನಿಂತಿತು.
ಮೂರನೇ ತಿರುವಿನಲ್ಲಿ ಕೋತಿಗಳು ಕಾದಿದ್ದವು.
ನಾವು ನಿಲ್ಲಿಸಲಿಲ್ಲ.
ಹಿಂದಿನ ಗಾಜಿನಲ್ಲಿ ಕಂಡಿತು: ದೊಡ್ಡದೊಂದು ಎದ್ದು
ರಸ್ತೆಯ ನಡುವಿನವರೆಗೂ ಬಂದು
ನಮ್ಮನ್ನೇ ನೋಡುತ್ತ, ಕೈಯಲ್ಲಿದ್ದ ಸಿಪ್ಪೆ ಬಿಸಾಕಿತು.